ಮುಂಡಪ್ಪ ಬಿಚ್ಚಿಟ್ಟ ಬೋರ್ಡು

ವಾಮದಪದವಿನ ಪಂಪ್ ರಿಪೇರಿಯ ಮುಂಡಪ್ಪನಿಗೆ ಐವತ್ತು ದಾಟಿದ ಮೇಲೆ ಮತ್ತೆ ಒಂದನೇ ಕ್ಲಾಸಿಗೆ ಸೇರಿದಂತಾಗಿತ್ತು. ಸುಟ್ಟ ಮೋಟರನ್ನು ಮೂಸಿಯೇ ಅದರ ಕಾಯಿಲೆ ಹೇಳುತ್ತಿದ್ದ ಮನುಷ್ಯ. ಈಗ ಬರುವ ಸ್ಟಾರ್ಟರುಗಳ ಹೊಟ್ಟೆಯಲ್ಲಿ ಹಸಿರು ಬೋರ್ಡು, ಅದರ ಮೇಲೆ ಸಾಸಿವೆ ಚೆಲ್ಲಿದಂತೆ ಬಿಡಿಭಾಗಗಳು. ವಾಸನೆಯೂ ಇಲ್ಲ, ಸದ್ದೂ ಇಲ್ಲ. ಗಿರಾಕಿಗಳು ಬಂಟ್ವಾಳದ ಕಡೆ ಹೋಗತೊಡಗಿದ್ದರು. ಧರ್ಮಸ್ಥಳದ ಲಾಡ್ಜೊಂದರಲ್ಲಿದ್ದ ಹೆಂಡತಿಯ ಅಣ್ಣ ಡೊಂಬಯ್ಯ ಫೋನು ಮಾಡಿ, "ಅಂಗಡಿ ಮುಚ್ಚಿ ಬನ್ನಿ ಭಾವ, ಇಲ್ಲಿ ವಾಚ್‌ಮನ್ ಕೆಲಸ ಉಂಟು. ಆದಿತ್ಯವಾರ ಹೇಳಿ" ಎಂದಿದ್ದ.

ಮುಂಡಪ್ಪ ಸುಮ್ಮನೆ ಕೂತವನೇನಲ್ಲ. ಮಳೆಗಾಲವಿಡೀ ಫೋನಿನಲ್ಲಿ ಬೋರ್ಡು ರಿಪೇರಿಯ ಪಾಠ ನೋಡಿದ್ದ. ನೋಡುವಾಗ ಎಲ್ಲವೂ ತಿಳಿಯುತ್ತಿತ್ತು. ಬೋರ್ಡು ಕೈಗೆತ್ತಿಕೊಂಡರೆ ತಲೆ ಖಾಲಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅವನಿಗೆ ಸಾಕಾಗಿತ್ತು, ನಾಚಿಕೆಯೂ ಆಗಿತ್ತು.

ಶನಿವಾರ ಮಧ್ಯಾಹ್ನ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಡತಿ ಕುಸುಮ ತಲೆಯೆತ್ತದೆ ಕೇಳಿದಳು: "ಪುನಃ ಅದೇ ವಿಡಿಯೋವಾ?"

"ಎಷ್ಟು ನೋಡಿದರೂ ಮಂಡೆಯಲ್ಲಿ ನಿಲ್ಲುವುದಿಲ್ಲ."

"ನಾನು ಮದುವೆಯಾಗಿ ಬಂದಾಗ ಅತ್ತೆ ಬೀಡಿ ಕಟ್ಟುವುದನ್ನು ಎಷ್ಟು ನೋಡಿದೆ, ಬಂತಾ? ಕಡೆಗೆ ಅವರು ಕಟ್ಟಿದ ಒಳ್ಳೆಯ ಬೀಡಿಯನ್ನೇ ನನ್ನ ಕೈಯಲ್ಲಿ ಬಿಚ್ಚಿಸಿದರು, ಪುನಃ ಕಟ್ಟು ಅಂದರು. ನೀವು ಹಾಳಾದದ್ದನ್ನೇ ಹಿಡಿದು ಕೂತಿದ್ದೀರಿ. ಸರಿ ಇರುವುದನ್ನು ಒಮ್ಮೆ ಬಿಚ್ಚಿ ನೋಡಿ."

ಸರಿ ಇದ್ದದ್ದು ಒಂದೇ, ಮನೆಯ ಬಾವಿ ಪಂಪಿನ ಹೊಸ ಸ್ಟಾರ್ಟರು. ಮುಂಡಪ್ಪ ಫೋನನ್ನು ಕವುಚಿ ಹಾಕಿ, ಅದರ ಬೋರ್ಡಿನಿಂದ ಒಂದು ಭಾಗದ ಬೆಸುಗೆ ಬಿಡಿಸಿದ. "ಇನ್ನು ಪಂಪು ಚಾಲೂ ಆಗಲಿಕ್ಕಿಲ್ಲ" ಎಂದು ಹೆಂಡತಿಗೆ ಕೇಳುವಂತೆ ಹೇಳಿಯೇ ಗುಂಡಿ ಒತ್ತಿದ. ಚಾಲೂ ಆಯಿತು. ಆದರೆ ನಿಲ್ಲಿಸಲು ಹೋದರೆ ನಿಲ್ಲಲೊಲ್ಲದು. ಮೈನ್ ಸ್ವಿಚ್ಚೇ ಎಳೆಯಬೇಕಾಯಿತು. ತನ್ನ ಊಹೆ ಎಲ್ಲಿ ತಪ್ಪಿತೆಂದು ಹುಡುಕಲಷ್ಟೇ ಫೋನು ತೆರೆದ. ಈ ಸಲ ಕೇಳಿದ್ದು ಮರೆಯಲಿಲ್ಲ. ಇನ್ನೊಂದು ಭಾಗ ಬಿಡಿಸಿದ, ಮತ್ತೂ ಒಂದು. ಹೆಚ್ಚಿನ ಊಹೆಗಳು ತಪ್ಪೇ. ಕಣ್ಣು ಉರಿ, ಸೊಂಟ ನೋವು.

ಆದಿತ್ಯವಾರ ಬೆಳಿಗ್ಗೆ ಕುಸುಮ ಗೊಣಗುತ್ತಾ ಬಾವಿಯಿಂದ ಕೊಡಪಾನದಲ್ಲಿ ನೀರು ಸೇದುತ್ತಿದ್ದಾಗ ಡೊಂಬಯ್ಯನ ಫೋನು ಬಂತು.

"ಸದ್ಯ ಬರಲಿಕ್ಕೆ ಆಗುವುದಿಲ್ಲ ಭಾವ" ಎಂದ ಮುಂಡಪ್ಪ.

"ಯಾಕೆ, ಎಲ್ಲ ಕಲಿತಾಯಿತಾ?"

ಮುಂಡಪ್ಪ ಮೇಜಿನ ಮೇಲಿನ ಅರೆಬರೆ ಬೋರ್ಡನ್ನು ನೋಡಿದ.

"ಎಲ್ಲಿಯ ಕಲಿಯುವುದು? ಮನೆಗೆ ನೀರಿಲ್ಲ. ಬಿಚ್ಚಿದವನೇ ಕಟ್ಟಬೇಕಲ್ಲ."