ಕತ್ತರಿ ಹಚ್ಚದ ಕೌದಿ

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳ ಜಾತಿಗೆ ಸೇರಿದ್ದೇ ಅಲ್ಲ. ಸ್ವಲ್ಪ ಉದ್ದ, ಚಪ್ಪಟೆ, ಚಮಚದ ಬೆನ್ನಿನ ಹಾಗೆ ನುಣುಪು. ಅಂಚಿನಲ್ಲಿ ನಕ್ಷೆಗೆ ಬಳಸುವ ಇಂಡಿಯನ್ ಇಂಕಿನ ಒಂದು ಕಪ್ಪು ಗೆರೆ, ಎಷ್ಟು ಸೋಪು ಹಚ್ಚಿದರೂ ಹೋಗದ್ದು. ಕಾಗದ ಮಡಿಸಿ ಮಡಿಕೆಯ ಮೇಲೆ ಆ ಉಗುರನ್ನು ಎಳೆದರೆ ಸರ್ ಎಂದು ಸದ್ದಾಗುತ್ತಿತ್ತು. ಊಟದ ಬಿಡುವಿನಲ್ಲಿ ಎರಡು ಜೋಳದ ರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ಏಳು ನಿಮಿಷದಲ್ಲಿ ಮುಗಿಸಿ, ಕೈಯನ್ನು ಎರಡು ಸಲ ತೊಳೆದು ಒರೆಸಿಕೊಂಡು ಅವರು ಕಾಗದ ಹಿಡಿಯುತ್ತಿದ್ದರು. ಉಳಿದವರು ಕೇರಂ ಬೋರ್ಡಿಗೆ ಓಡುವಾಗ ಮೂಲೆಯ ಕಿಟಕಿಯಿಂದ ಆ ಸರ್ ಸರ್ ಕೇಳಿ ಬರುತ್ತಿತ್ತು.

ಅದು ಮುಲುಂಡಿನ ಒಂದು ಯಂತ್ರದ ಕಾರ್ಖಾನೆಯ ಡ್ರಾಯಿಂಗ್ ಆಫೀಸು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಅವರು ಅಲ್ಲಿ ಹೆಡ್ ಡ್ರಾಫ್ಟ್ಸ್‌ಮನ್. ಗದಗಿನ ಕಡೆಯವರು, ಮೂವತ್ತು ವರ್ಷದ ಹಿಂದೆ ಮುಂಬೈಗೆ ಬಂದು ವಿಲೆ ಪಾರ್ಲೆಯ ಒಂದು ಚಾಳಿನಲ್ಲಿ ಸಂಸಾರ ಹೂಡಿದವರು. ಸೆಕ್ಷನ್ನಿನ ಮರಾಠಿ ಹುಡುಗರು ಅವರನ್ನು ಕಾಕಾ ಎನ್ನುತ್ತಿದ್ದರು. ಅವರ ಊರಿನಲ್ಲೂ ಚಿಕ್ಕಪ್ಪನಿಗೆ ಕಾಕಾ ಎಂದೇ ಹೇಳುವುದಂತೆ. ನಾನೂ ಹಾಗೇ ಕರೆದೆ.

ನಾನು ಟ್ರೇಸರ್. ಡ್ರಾಫ್ಟ್ಸ್‌ಮನ್ ಪೆನ್ಸಿಲಿನಲ್ಲಿ ಬರೆದ ಯಂತ್ರದ ನಕ್ಷೆಯ ಮೇಲೆ ಪಾರದರ್ಶಕ ಟ್ರೇಸಿಂಗ್ ಕಾಗದ ಹಾಸಿ, ಅದೇ ಗೆರೆಗಳನ್ನು ಇಂಕಿನಲ್ಲಿ ತಿದ್ದುವುದು ನಮ್ಮ ಕೆಲಸ. ನಮ್ಮ ಸ್ವಂತದ್ದೆಂದು ಒಂದು ಚುಕ್ಕೆ ಇಡುವಂತಿಲ್ಲ. ಟ್ರೇಸರುಗಳೆಲ್ಲ ಹುಡುಗಿಯರು, ಡ್ರಾಫ್ಟ್ಸ್‌ಮನ್‌ಗಳೆಲ್ಲ ಗಂಡಸರು. ಯಾಕೆ ಹಾಗೆ ಎಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ನಾನೋ, ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಅಡುಗೆ ಮಾಡುವವರ ಮಗಳು, ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಯಂತ್ರಗಳ ನಕ್ಷೆ ಬರೆಯಲು ಕಲಿತು ಪಾಸಾಗಿದ್ದೆ. ನನಗೊಂದು ಡ್ರಾಯಿಂಗ್ ಬೋರ್ಡ್ ಬೇಕಿತ್ತು. ಅಷ್ಟೇ. ಅದನ್ನು ಕೇಳಿದರೆ ಆಫೀಸಿನಲ್ಲಿ ನಗುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಆದ್ದರಿಂದ ಇನ್ನೂ ನಗುತ್ತಿದ್ದರು.

ಒಂದು ದಿನ ಇಂಕು ಚೆಲ್ಲಿ ಹಾಳಾದ ಟ್ರೇಸಿಂಗನ್ನು ನಾನು ಮುದ್ದೆ ಮಾಡಿ ಬುಟ್ಟಿಗೆ ಎಸೆದೆ. ಕಾಕಾ ಎದ್ದು ಬಂದು ಅದನ್ನು ಬುಟ್ಟಿಯಿಂದ ಎತ್ತಿ, ಮೇಜಿನ ಮೇಲೆ ಹರಡಿ ಸವರಿದರು.

“ಕಾಗದಾ ಅಂದ್ರ ಅತ್ತಿ ಇದ್ದಂಗ, ತಂಗಿ. ಒಮ್ಮಿ ಮಡಚಿದ್ರ ಸಾಯೂತನಕ ಮರಿಯೂದಿಲ್ಲ. ಮಡಚೂದ ಇದ್ರ ಚೆಂದಾಗಿ ಮಡಚು.”

ಆಮೇಲೆ ತಮ್ಮ ಡ್ರಾಯರಿನಿಂದ ಮಡಿಸಿದ ಒಂದು ಹಾಳೆಯನ್ನು ತೆಗೆದರು. ಮೇಜಿನ ಮೇಲಿಟ್ಟಾಗ ಅದು ಚೊಕ್ಕವಾಗಿ ಇಸ್ತ್ರಿ ಮಾಡಿದ ನೆರಿಗೆಗಳ ಒಂದು ಚೌಕ, ಅಷ್ಟೆ. ಅದನ್ನು ಅವರು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಅಬ್ಬ! ಕಾಗದ ಒಂದೇ ಪದರವಾಗಿದ್ದಲ್ಲಿ ಬೆಳಕು, ಮೂರು ಪದರ ಕೂಡಿದಲ್ಲಿ ಕಂದು, ಏಳೆಂಟು ಪದರ ಕೂಡಿದಲ್ಲಿ ಕಪ್ಪು. ಇಡೀ ಹಾಳೆಯ ತುಂಬ ಚೌಕದ ಮಗ್ಗುಲಿಗೆ ನಕ್ಷತ್ರ, ನಕ್ಷತ್ರದ ಮಗ್ಗುಲಿಗೆ ಚೌಕ. ಒಂದು ಕಡೆಯೂ ಕತ್ತರಿಯಿಲ್ಲ, ಗೋಂದಿಲ್ಲ.

“ನಮ್ಮವ್ವ ಹಳೇ ಸೀರಿ, ಧೋತ್ರದ ಅರಬಿ ತುಂಡು ಕೂಡಿಸಿ ಕೌದಿ ಹೊಲೀತಿದ್ಲು. ನಾ ತುಂಡ ಮಾಡದ ಹೊಲೀತೀನಿ,” ಎಂದರು.

ಇದಕ್ಕೆ ಒರಿಗಾಮಿ ಎಂಬ ಜಪಾನಿ ಹೆಸರಿದೆ, ಹೀಗೆ ಒಂದೇ ಹಾಳೆಯಲ್ಲಿ ಒಂದೇ ವಿನ್ಯಾಸವನ್ನು ಹಬ್ಬಿಸುವುದಕ್ಕೆ ಟೆಸಲೇಷನ್ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕಾಕಾಗೆ ತಿಳಿದೇ ಇರಲಿಲ್ಲ. ಅವರ ಮಟ್ಟಿಗೆ ಅದು ಕೌದಿ. ದೊಡ್ಡ ನಕ್ಷೆಗಳನ್ನು ಫೈಲಿಗೆ ಸೇರಿಸಲು ಮಡಿಸುತ್ತ ಮಡಿಸುತ್ತ ತಾವೇ ಕಂಡುಕೊಂಡದ್ದು.

ಅಂದಿನಿಂದ ನನಗೂ ಪಾಠ ಶುರುವಾಯಿತು. ಟ್ರೇಸರ್ ಆದವಳು ಡ್ರಾಯಿಂಗ್ ಬೋರ್ಡಿಗೆ ಕೈ ಹಚ್ಚಬಾರದೆಂಬ ರೂಲು ಇತ್ತು. ಹಾಳಾದ ಕಾಗದ ಮಡಿಸಬಾರದೆಂಬ ರೂಲು ಇರಲಿಲ್ಲ. ಮೊದಲು ಹಾಳೆಯನ್ನು ಅರ್ಧ, ಅದರ ಅರ್ಧ, ಮತ್ತೆ ಅರ್ಧ ಎಂದು ಮೂವತ್ತೆರಡು ಪಟ್ಟಿ ಮಾಡಬೇಕು. ಅಡ್ಡಕ್ಕೂ ಹಾಗೇ. ಚೌಕಳಿ ಸಿದ್ಧವಾದ ಮೇಲೆ ಎಲ್ಲಿ ಯಾವ ಮಡಿಕೆ ಮೇಲೇಳಬೇಕು, ಯಾವುದು ಒಳಗೆ ಇಳಿಯಬೇಕು ಎಂದು ಒಂದೊಂದಕ್ಕೂ ಉಗುರಿನಿಂದ ಕಲಿಸಬೇಕು. ನಾಲ್ಕು ಮಡಿಕೆಗಳು ಕೂಡುವ ಜಾಗದಲ್ಲಿ ಕಾಗದವನ್ನು ಮೆಲ್ಲಗೆ ತಿರುವಿದರೆ ನಡುವಿನ ಪುಟ್ಟ ಚೌಕ ಸುತ್ತಿ ಕೂರುತ್ತದೆ. ಅದು ಬಲಕ್ಕೆ ತಿರುಗಿದರೆ ಮಗ್ಗುಲದ್ದು ಎಡಕ್ಕೆ ತಿರುಗಲೇಬೇಕು. ಇಷ್ಟಕ್ಕೆ ಎರಡು ವಾರದ ಊಟದ ಬಿಡುವುಗಳು ಬೇಕು. ಕೊನೆಗೆ ಒಂದು ದಿನ ಎಲ್ಲ ಮಡಿಕೆಗಳನ್ನು ಒಟ್ಟಿಗೆ ಒಳಗೆ ತರುವುದು. ಹಾಳೆ ಹಿಗ್ಗಾಮುಗ್ಗಾ ಉಬ್ಬಿ, ಆಮೇಲೆ ಅರ್ಧದಷ್ಟಾಗಿ ಮಟ್ಟಸವಾಗಿ ಮಲಗುತ್ತದೆ.

ನನ್ನ ಮೊದಲನೆಯದು ಮಲಗಲಿಲ್ಲ. ನಡುವೆ ಹಪ್ಪಳದ ಹಾಗೆ ಉಬ್ಬಿ ನಿಂತಿತು. ಕಾಕಾ ಅದನ್ನು ತಿರುಗಿಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಕಾಗದವಾದರೆ ಮುಖ ಯಾವುದು, ಬೆನ್ನು ಯಾವುದು ಎಂದು ತಿಳಿಯುತ್ತದೆ. ಟ್ರೇಸಿಂಗ್ ಕಾಗದಕ್ಕೆ ಎರಡೂ ಒಂದೇ. ನಾನು ಒಂದು ದಿನ ಅರ್ಧ ಮಡಿಸಿಟ್ಟು, ಮರುದಿನ ಹಾಳೆಯನ್ನು ಮಗುಚಿ ಹಾಕಿಕೊಂಡು ಉಳಿದರ್ಧ ಮಡಿಸಿದ್ದೆ. ಮೇಲೇಳಬೇಕಾದದ್ದೆಲ್ಲ ಕೆಳಗೆ ಇಳಿದಿತ್ತು.

“ಟ್ರೇಸರ್ ಬುದ್ಧಿ! ಗೆರಿ ಕಂಡ್ರ ಸಾಕು, ಎತ್ತಾಗಿಂದ ನೋಡಾಕತ್ತೀನಿ ಅನ್ನೂದು ಬ್ಯಾಡ ನಿಮಗ.”

“ನೀವು ಮೊದಲೇ ಹೇಳಬೇಕಿತ್ತಲ್ಲ ಕಾಕಾ! ಎರಡು ವಾರ ಹೋಯಿತು ನಂದು!”

“ಹೇಳಿದ್ರ ನೀ ಕೇಳ್ತಿದ್ದಿ, ಕಲೀತಿದ್ದಿಲ್ಲ. ಗೆರಿ ತಿದ್ದೂದು ಬ್ಯಾರೆ, ಗೆರಿ ಮುಂದ ಏನಾಗತದ ಅಂತ ತಿಳಿಯೂದು ಬ್ಯಾರೆ. ಇನ್ನ ಮ್ಯಾಲ ಮೂಲ್ಯಾಗ ಒಂದು ಚುಕ್ಕಿ ಇಟ್ಕೊ. ಅದು ನಿನ್ನ ಕಡೆ ನೋಡಾಕತ್ತೈತೋ ಇಲ್ಲೋ ನೋಡಿ ಆಮ್ಯಾಲ ಶುರು ಮಾಡು.”

ಮನೆಯಲ್ಲಿ ಅಮ್ಮನಿಗೆ ಈ ಹುಚ್ಚು ಕಂಡರೆ ಆಗುತ್ತಿರಲಿಲ್ಲ. “ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ! ಇಪ್ಪತ್ತನಾಲ್ಕು ತುಂಬಿತು ನಿನಗೆ, ಕಾಗದ ಮಡಚಿಕೊಂಡು ಕೂತಿದ್ದಿ,” ಎಂದು ಬೈಯುತ್ತಿದ್ದಳು. ನಾನು ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತುಕೊಂಡೇ ಹೊಸ ವಿನ್ಯಾಸ ಯೋಚಿಸುತ್ತಿದ್ದೆ. ಒಂದು ವರ್ಷದಲ್ಲಿ ಒಂದು ಹಾಳೆಯ ಗೆರೆಗಳನ್ನು ನೋಡಿದರೆ ಸಾಕು, ಅದು ಮಡಿಸಿದ ಮೇಲೆ ಹೇಗೆ ಎದ್ದು ನಿಲ್ಲುತ್ತದೆಂದು ನನ್ನ ಕಣ್ಣಿಗೆ ಕಾಣತೊಡಗಿತು. ಯಂತ್ರದ ನಕ್ಷೆ ನೋಡಿದರೂ ಹಾಗೇ ಆಯಿತು. ಟ್ರೇಸ್ ಮಾಡುತ್ತಿದ್ದಂತೆ, ಈ ಬೋಲ್ಟು ಇಲ್ಲಿದ್ದರೆ ಸ್ಪಾನರ್ ಹಾಕಲು ಜಾಗವೆಲ್ಲಿ ಎಂದು ನಾನೇ ಕೇಳುವ ಹಾಗಾದೆ. ಕಾಕಾ ರಬ್ಬರು ತೆಗೆದುಕೊಂಡು ಬೋಲ್ಟನ್ನು ಸರಿಸುತ್ತಿದ್ದರು.

ಅವರ ಕೈ ನಡುಗುವುದು ನನ್ನ ಕಣ್ಣಿಗೆ ಬಿದ್ದದ್ದು ಆ ಹೊತ್ತಿಗೆ. ಮೊದಲು ಚಹಾದ ಗ್ಲಾಸು, ಆಮೇಲೆ ಪೆನ್ಸಿಲು. ವಿಚಿತ್ರವೆಂದರೆ ಕಾಗದ ಮಡಿಸುವಾಗ ನಡುಕ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಹಳೆಯ ಮಡಿಕೆಯೇ ಬೆರಳಿಗೆ ದಾರಿ ತೋರಿಸುತ್ತಿತ್ತು. ಬಿಳಿ ಹಾಳೆಯ ಮೇಲೆ ಅಕ್ಷರ ಬರೆಯಹೊರಟರೆ ಮಾತ್ರ ಕೈ ಮಾತು ಕೇಳುತ್ತಿರಲಿಲ್ಲ. ನಿವೃತ್ತಿಗೆ ಇನ್ನೂ ಒಂದು ವರ್ಷದ ಮೇಲಿತ್ತು. ನಮ್ಮ ಸೆಕ್ಷನ್ನಿನಲ್ಲೊಂದು ಪದ್ಧತಿ: ನಿವೃತ್ತಿಯ ದಿನ ಆ ಮನುಷ್ಯ ಬರೆದ ಕೊನೆಯ ನಕ್ಷೆಯ ಹಿಂದೆ ಎಲ್ಲರೂ ಸಹಿ ಹಾಕಿ, ಹಾರ ಹಾಕಿ, ಗೇಟಿನವರೆಗೆ ಹೋಗಿ ಬೀಳ್ಕೊಡುವುದು. ಕಾಕಾ ಎಷ್ಟೋ ಜನರ ನಕ್ಷೆಯ ಹಿಂದೆ ಸಹಿ ಹಾಕಿದ್ದರು. ಅವರಿಗೂ ಅದೊಂದೇ ಆಸೆ.

“ಗೆರಿ ಎಳೀಲಾರದ ಮನಿಗೆ ಹೋದ ಅನಿಸಿಕೊಳ್ಳಬಾರದವಾ,” ಎಂದರು, ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು.

ನಾನು ಮರುದಿನದಿಂದ ಒಂದು ಗಂಟೆ ಮೊದಲಿನ ಲೋಕಲ್ ಹಿಡಿದೆ. ಯಾರೂ ಬರುವ ಮುಂಚೆ ಅವರ ಬೋರ್ಡಿನ ಮುಂದೆ ನಿಲ್ಲುತ್ತಿದ್ದೆ. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಕ್ರಮೇಣ ಅವರು ಹೇಳುವುದೂ ಕಡಿಮೆಯಾಯಿತು. ನಕ್ಷೆಯ ಮೂಲೆಯಲ್ಲಿ ‘ಬರೆದವರು’ ಎಂಬ ಚೌಕದಲ್ಲಿ ಅವರ ಹೆಸರಿನ ಮೊದಲಕ್ಷರಗಳು, ‘ಟ್ರೇಸ್ ಮಾಡಿದವರು’ ಎಂಬಲ್ಲಿ ನನ್ನವು. ಎರಡನ್ನೂ ಬರೆದದ್ದು ನಾನೇ. ಮರಾಠಿ ಹುಡುಗರಿಗೆ ಗೊತ್ತಾಗಿತ್ತು, ಒಬ್ಬನೂ ಬಾಯಿ ಬಿಡಲಿಲ್ಲ. ಹೀಗೆ ಎಂಟು ತಿಂಗಳು ನಡೆಯಿತು. ಖುಷಿಯಾಗಿದ್ದೆ, ಸುಳ್ಳು ಯಾಕೆ ಹೇಳಲಿ? ಕದ್ದದ್ದಾದರೂ ಬೋರ್ಡು ಬೋರ್ಡೇ.

ಆಗ ಒಂದು ಡ್ರಾಫ್ಟ್ಸ್‌ಮನ್ ಜಾಗ ಖಾಲಿಯಾಯಿತು. ನಾನು ಅರ್ಜಿ ಹಾಕಿದೆ. ಚೀಫ್ ಸಾಹೇಬರು ನನ್ನನ್ನು ಕ್ಯಾಬಿನ್ನಿಗೆ ಕರೆದು, ಕೆಟ್ಟ ಮನುಷ್ಯರೇನಲ್ಲ, ಮೆತ್ತಗೆಯೇ ಹೇಳಿದರು: ಟ್ರೇಸ್ ಮಾಡಿದವಳು ನೀನು, ಒಂದು ನಕ್ಷೆಯನ್ನೂ ಸ್ವಂತ ಬರೆದವಳಲ್ಲ, ಹೇಗೆ ಕೊಡಲಿ? ನಿಜ ಹೇಳಿದರೆ ಕಾಕಾ ಹೋಗುತ್ತಾರೆ. ಹೇಳದಿದ್ದರೆ ನಾನು ಸಾಯುವತನಕ ಟ್ರೇಸರ್.

ಬಾಗಿಲು ತಳ್ಳಿಕೊಂಡು ಕಾಕಾ ಒಳಗೆ ಬಂದರು. ಕೈಯಲ್ಲಿ ನನ್ನದೊಂದು ಮಡಿಸಿದ ಹಾಳೆ. ಯಾರನ್ನೂ ನೋಡಿ ಮಾಡದೆ ನಾನೇ ಯೋಚಿಸಿ ಮಾಡಿದ್ದು, ಆರು ಮೂಲೆಗಳ ಹೂವುಗಳದ್ದು. ಅದನ್ನು ಕಿಟಕಿಗೆ ಹಿಡಿದರು.

“ಸಾಬ್, ಯೇ ಇಸ್ನೆ ಸೋಚಾ ಹೈ, ಅಕೇಲಿ,” ಎಂದರು, ಇವಳೊಬ್ಬಳೇ ಯೋಚಿಸಿದ್ದು ಎಂದು.

ಸಾಹೇಬರು ಎದ್ದು ಬಂದು ನೋಡಿದರು. ನಿಜಕ್ಕೂ ನೋಡಿದರು. “ಸುಂದರ್ ಹೈ, ಕಾಕಾ. ಪರ್ ಯೇ ತೋ ಖೇಲ್ ಹೈ.”

ಆಟ! ಕಾಕಾ ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಸಾಹೇಬರ ಪೆನ್ಸಿಲು ತೆಗೆದುಕೊಂಡು, ಅಲ್ಲೇ ಇದ್ದ ಬಿಳಿ ಕಾಗದದ ಮೇಲೆ ತಮ್ಮ ಹೆಸರಿನ ಮೂರು ಅಕ್ಷರಗಳನ್ನು ಬರೆದರು. ಬೇಡ ಕಾಕಾ, ಬೇಡ ಎಂದು ನಾನು ಕನ್ನಡದಲ್ಲಿ ಅಂದೆ. ಅವರು ತಲೆ ಎತ್ತಲಿಲ್ಲ. ಅಕ್ಷರಗಳು ಓಡುವ ಲೋಕಲ್ಲಿನಲ್ಲಿ ನಿಂತು ಬರೆದ ಹಾಗೆ ಬಂದವು. ಅದರ ಪಕ್ಕಕ್ಕೆ ಹಿಂದಿನ ವಾರದ ನಕ್ಷೆಯನ್ನು ಎಳೆದು, ಮೂಲೆಯ ಅಚ್ಚಿನಂಥ ಅಕ್ಷರಗಳ ಮೇಲೆ ಬೆರಳಿಟ್ಟರು. ಈ ಕೈಯಿಂದ ಆ ಅಕ್ಷರ ಬರುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಎಂಟು ತಿಂಗಳಿಂದ ನನ್ನ ಹೆಸರಿನಲ್ಲಿ ಹೋದದ್ದೆಲ್ಲ ಈ ಹುಡುಗಿ ಬರೆದದ್ದು, ತಪ್ಪು ನನ್ನದು, ಕೆಲಸ ಅವಳದ್ದು ಎಂದರು.

ಅವರನ್ನು ಆ ವಾರವೇ ಮನೆಗೆ ಕಳಿಸಿದರು. ಹಾರವಿಲ್ಲ, ಸಹಿಯಿಲ್ಲ. ಮುಲುಂಡ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಹೆಗಲ ಚೀಲದಲ್ಲಿ ಸೆಟ್ ಸ್ಕ್ವೇರುಗಳನ್ನು ತುಂಬಿಕೊಂಡು ನಿಂತಿದ್ದವರನ್ನು ನಾನು ಓಡಿಹೋಗಿ ಹಿಡಿದೆ. ಕೃತಜ್ಞತೆ ಹೇಳುವುದು ಬಿಟ್ಟು ಜಗಳಕ್ಕೇ ನಿಂತೆ.

“ಎಂತಕ್ಕೆ ಹೇಳಿದ್ದು ಕಾಕಾ? ಐದೇ ತಿಂಗಳು ಅಲ್ವಾ ಇದ್ದದ್ದು? ಸುಮ್ಮನೆ ಇದ್ದಿದ್ದರೆ ಆಗ್ತಿರಲಿಲ್ವಾ?”

“ನನ್ನ ಹೆಸರಿನ್ಯಾಗ ನೀ ಇನ್ನೂ ಐದು ತಿಂಗಳ ಅಡಗಿ ಕುಂಡ್ರಬೇಕಿತ್ತೇನು?” ಎಂದರು. ಲೋಕಲ್ ಬಂತು. ಜನ ಅವರನ್ನು ಒಳಗೆ ತಳ್ಳಿಕೊಂಡು ಹೋದರು.

ಸಾಹೇಬರು ನನಗೆ ಒಂದು ವಾರ ಗೇರ್‌ಬಾಕ್ಸಿನ ನಕ್ಷೆಯೊಂದನ್ನು ಕೊಟ್ಟು ಪರೀಕ್ಷೆ ಮಾಡಿ, ಆ ಜಾಗ ಕೊಟ್ಟರು. ಕೂರಿಸಿದ್ದು ಕಾಕಾ ಬಿಟ್ಟುಹೋದ ಬೋರ್ಡಿನ ಮುಂದೆಯೇ. ಕಾಕಾರನ್ನು ನೋಡಲು ಹೋಗಬೇಕು ಹೋಗಬೇಕು ಎಂದುಕೊಂಡೇ ಎರಡು ವರ್ಷ ಕಳೆದೆ. ಮುಲುಂಡಿನಿಂದ ವಿಲೆ ಪಾರ್ಲೆ ಎಷ್ಟು ದೂರ? ದಾದರಿನಲ್ಲಿ ಇಳಿದು ಗಾಡಿ ಬದಲಿಸಿದರೆ ಆಯಿತು. ಅವರ ಕುರ್ಚಿ ಕಸಿದು ಕೂತವಳು ಯಾವ ಮುಖ ಹೊತ್ತು ಹೋಗಲಿ ಎಂಬ ನಾಚಿಕೆ. ಈಗ ಯೋಚಿಸಿದರೆ ಅದು ನಾಚಿಕೆಯೂ ಅಲ್ಲ, ಶುದ್ಧ ಹೇಡಿತನ.

ಹೋದದ್ದು ಅವರು ತೀರಿಕೊಂಡ ಸುದ್ದಿ ಬಂದ ಮೇಲೆ. ಚಾಳಿನ ಎರಡನೆಯ ಮಾಳಿಗೆ, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಅವರ ಹೆಂಡತಿಯನ್ನು ನಾನು ಎಂದೂ ನೋಡಿರಲಿಲ್ಲ. ಆಕೆ ಚಾಪೆಯ ಮೇಲೆ ಜಾಗ ಮಾಡಿಕೊಟ್ಟು, “ಬಾರವಾ, ಕೂಡು. ಎಲ್ಲಿಂದ ಬಂದಿ?” ಎಂದರು.

“ಆಫೀಸಿನಿಂದ ಬಂದೆ ಅಮ್ಮ.”

ಆಕೆ ಬಾಗಿಲ ಕಡೆ ನೋಡಿದರು. “ಇವರ ಜಾಗಾಕ್ಕ ಬಂದ ಡ್ರಾಫ್ಟ್ಸ್‌ಮನ್ ಬರಲಿಲ್ಲೇನು? ಮನ್ಯಾಗ ಕುಂತ್ರೂ ನಿಂತ್ರೂ ಅದ ಮಾತು ಇವರದು. ನಮ್ಮ ಡ್ರಾಫ್ಟ್ಸ್‌ಮನ್ ಸಾಹೇಬ್ರು, ನಮ್ಮ ಡ್ರಾಫ್ಟ್ಸ್‌ಮನ್ ಸಾಹೇಬ್ರು. ಅಂಥಾ ಕೈ ಮುಂಬೈದಾಗ ಇನ್ನೊಂದಿಲ್ಲ ಅಂತಿದ್ರು. ಆ ಪುಣ್ಯಾತ್ಮನ್ನ ಒಮ್ಮಿ ನೋಡಬೇಕಿತ್ತು ನನಗ.”

“ಬಂದಿದ್ದೇನೆ ಅಮ್ಮ,” ಎಂದೆ. “ಅದು ನಾನೇ.”

ಆಕೆ ನನ್ನನ್ನು ನೋಡಿದರು. ನನ್ನ ಸೀರೆ, ಜಡೆ, ಬಳೆ ಎಲ್ಲವನ್ನೂ ನೋಡಿದರು. ಆಮೇಲೆ ನನ್ನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಗೋಡೆಯ ಮೇಲಿನ ಫೋಟೋದ ಕಡೆ ತಿರುಗಿ, ಅಳುತ್ತಲೇ ಗಂಡನನ್ನು ಬೈಯತೊಡಗಿದರು.

“ಎಷ್ಟ ಸಲ ಹೇಳಿದ್ರು! ಹೆಣ್ಣಮಗಳು ಅಂತ ಒಮ್ಮಿನೂ ಹೇಳಲಿಲ್ಲ ನೋಡು ಈ ಮನಷ್ಯಾ ನನಗ!”