ಗೆರೆ ತಿದ್ದುವ ಕೆಲಸ

ನಮ್ಮ ಚಿತ್ರ ಬಿಡಿಸುವ ಆ್ಯಪ್‌ನಲ್ಲಿ ಕುಂಚಗಳೆಲ್ಲ ನನ್ನವು. ಕೋಡ್ ಬರೆಯುವವರು ಬೇರೆ ಇದ್ದರು. ಮೊಬೈಲ್ ಪರದೆಯ ಮೇಲೆ ಬೆರಳು ಓಡಿದಾಗ ಗೆರೆ ಹೇಗೆ ಬೀಳಬೇಕು, ಎಲ್ಲಿ ದಪ್ಪವಾಗಬೇಕು, ಎಲ್ಲಿ ಸಣ್ಣಗಾಗಬೇಕು, ಇದನ್ನು ಬಿಡಿಸಿ ಬಿಡಿಸಿ ಗೊತ್ತುಮಾಡುವುದು ನನ್ನ ಕೆಲಸ. ಚಿತ್ರಕಲೆ ಓದಿದವಳಿಗೆ ಐಟಿಯಲ್ಲಿ ಏನು ಕೆಲಸ ಅಂತ ನೆಂಟರೆಲ್ಲ ಕೇಳುತ್ತಿದ್ದರು. ದೊಡ್ಡನೆಕ್ಕುಂದಿಯ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ದಿನವಿಡೀ ಗೆರೆ ಎಳೆಯುತ್ತೇನೆ ಅಂದರೆ ನಗುತ್ತಿದ್ದರು. ನಕ್ಕರೆ ನಗಲಿ. ನನ್ನ ಕೈ ಬಗ್ಗೆ ನನಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಆ್ಯಪ್‌ನಲ್ಲಿ ಗೆರೆ ತಿದ್ದುವ ಸೌಲಭ್ಯವೊಂದಿದೆ. ಬಿಡಿಸುವವರ ಕೈ ಚೂರು ಅಲುಗಿದರೂ ಅದು ಗೆರೆಯನ್ನು ನಯಮಾಡಿ ತೋರಿಸುತ್ತದೆ. ಸೊನ್ನೆಯಿಂದ ನೂರರವರೆಗೆ ಬೇಕಾದಷ್ಟು ಇಟ್ಟುಕೊಳ್ಳಬಹುದು. ಹೊಸದಾಗಿ ಆ್ಯಪ್ ಹಾಕಿಕೊಂಡವರಿಗೆ ಎಷ್ಟಿರಬೇಕು ಎನ್ನುವುದನ್ನು ನಾನು ನಿಗದಿ ಮಾಡುತ್ತಿದ್ದೆ. ಮೊದಲು ಇಪ್ಪತ್ತಿತ್ತು. ಗೆರೆ ಒರಟಾಗಿ ಬರುತ್ತಿದೆ ಅನ್ನಿಸಿ ಮೂವತ್ತೈದು ಮಾಡಿದೆ. ಕೆಲವು ತಿಂಗಳು ಕಳೆದ ಮೇಲೆ ಐವತ್ತು, ಆಮೇಲೆ ಎಪ್ಪತ್ತು. ಪ್ರತಿ ಸಲವೂ ಆ್ಯಪ್ ಸುಧಾರಿಸುತ್ತಿದೆ ಎಂದೇ ನಂಬಿದ್ದೆ.

ಮನೆಯಲ್ಲಿ ಒಂದು ದಿನ ಚಹಾ ಕೊಡುವಾಗ ಬಸಿಯ ಮೇಲೆ ಕಪ್ ಟಕಟಕ ಸದ್ದು ಮಾಡಿತು. ನನ್ನ ಗಂಡ ಕೈಯನ್ನೇ ನೋಡುತ್ತ, “ಯಾಕ, ಕೈ ಹಂಗ್ಯಾಕ ನಡುಗಾಕತ್ತೈತಿ?” ಎಂದರು.

“ದೀಡ ತಾಸು ಸ್ಕೂಟರಿನ ಬ್ರೇಕ್ ಹಿಡಕೊಂಡು ಬಂದೀನ್ರಿ. ನೀವೂ ಒಂದಿನ ಹಿಡದು ನೋಡ್ರಿ, ಗೊತ್ತಾಗ್ತೈತಿ” ಎಂದು ಅವರ ಬಾಯಿ ಮುಚ್ಚಿಸಿದೆ. ಬೆಳಿಗ್ಗೆ ಹಣೆಗೆ ವಿಭೂತಿಯ ಮೂರು ಗೆರೆ ಎಳೆಯುವುದನ್ನು ಬಿಟ್ಟು ಒಂದು ಬೊಟ್ಟು ಒತ್ತಿಕೊಂಡು ಹೊರಡುತ್ತಿದ್ದೆ. ಹೊತ್ತಾಯಿತಲ್ಲ, ಅದಕ್ಕೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಆ್ಯಪ್ ಬಳಸುವವರಿಂದ ದೂರುಗಳು ಶುರುವಾದವು. ಬೆರಳು ಮುಂದೆ ಹೋದರೂ ಗೆರೆ ಹಿಂದೆ ಉಳಿಯುತ್ತದೆ, ಚೂಪು ಮೂಲೆ ಬಿಡಿಸಿದರೆ ದುಂಡಗಾಗುತ್ತದೆ, ಇದು ನನ್ನ ಕೈಬರಹದ ಹಾಗಿಲ್ಲ ಎಂದು ಬರೆಯುತ್ತಿದ್ದರು. ಎಲ್ಲರೂ ಒಂದೊಂದೇ ನಕ್ಷತ್ರ ಕೊಟ್ಟು ಹೋಗುತ್ತಿದ್ದರು. ನಮ್ಮ ಮ್ಯಾನೇಜರ್ ಕರೆದು, “ಮೇಡಂ, ಎಪ್ಪತ್ತು ಜಾಸ್ತಿ ಆಯ್ತು. ವಾಪಸ್ ಇಪ್ಪತ್ತಕ್ಕೆ ತನ್ನಿ” ಎಂದರು. ಸರಿ, ನೋಡೋಣ ಎಂದು ನನ್ನ ಜಾಗಕ್ಕೆ ಬಂದು ಇಪ್ಪತ್ತಕ್ಕೆ ಇಳಿಸಿ ಒಂದು ಉದ್ದ ಗೆರೆ ಎಳೆದೆ. ಗರಗಸದ ಹಲ್ಲಿನ ಹಾಗೆ ಬಂತು. ಇನ್ನೊಂದು ಎಳೆದೆ. ಅದೂ ಹಾಗೆಯೇ ಬಂತು. ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ ಎರಡನ್ನೂ ಅಳಿಸಿದೆ.

ಈ ಕೈ ಹೋದರೆ ನನ್ನ ಹತ್ತಿರ ಇನ್ನೇನಿದೆ? ಕೋಡ್ ಬರೆಯಲು ಬಾರದು, ಲೆಕ್ಕ ಬಾರದು, ನಾಲ್ಕು ಜನರನ್ನು ಮಾತಿನಲ್ಲಿ ಮೆಚ್ಚಿಸಲಂತೂ ಮೊದಲೇ ಬಾರದು. ಹುಚ್ಚಿಯ ಹಾಗೆ ವಾದಕ್ಕಿಳಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ಫೋನುಗಳೇ ಸರಿಯಿಲ್ಲ ಎಂದೆ. ಅಗ್ಗದ ಫೋನಿನ ಪರದೆಗಳು ಬೆರಳನ್ನು ತಪ್ಪಾಗಿ ಓದುತ್ತವೆ, ಎಪ್ಪತ್ತು ಇರಲೇಬೇಕು ಎಂದು ಮೀಟಿಂಗಿನಲ್ಲಿ ಮೇಜು ಕುಟ್ಟಿದೆ. ಹಾಗಿದ್ದರೆ ಫೋನುಗಳನ್ನು ಪರೀಕ್ಷೆ ಮಾಡಿಸೋಣ ಎಂದರು ಮ್ಯಾನೇಜರ್.

ನಮ್ಮಲ್ಲಿ ಫೋನ್ ಪರೀಕ್ಷೆ ಮಾಡುವವರು ಒಬ್ಬರೇ, ಬಾಗಲಗುಂಟೆಯಿಂದ ಬರುತ್ತಿದ್ದರು. ಹಿಂದೆ ಪೀಣ್ಯದ ಒಂದು ಲೇತ್ ಕಾರ್ಖಾನೆಯಲ್ಲಿ ತಯಾರಾದ ಪೀಸುಗಳನ್ನು ಅಳೆದು ಪಾಸ್ ಮಾಡುತ್ತಿದ್ದವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಏನೇ ತಪ್ಪು ಕಂಡರೂ ಮೊದಲು ಅಳೆಯುವ ಗೇಜು ನೋಡಬೇಕು, ಆಮೇಲೆ ಮಷೀನು, ಕೊನೆಗೆ ಆಪರೇಟರು ಎನ್ನುವುದು ಅವರ ಪದ್ಧತಿ. ಮೊದಲು ನನ್ನ ಫೋನಿನಲ್ಲಿ, ಆಮೇಲೆ ಬೇರೊಂದು ಫೋನಿನಲ್ಲಿ ಗೆರೆ ಎಳೆಸಿದರು. ಕೊನೆಗೆ ತುಂಬಾ ದುಬಾರಿಯದೊಂದು ಕೊಟ್ಟರು; ಎಲ್ಲದರಲ್ಲೂ ಅದೇ ಗರಗಸದ ಹಲ್ಲು. ತಿದ್ದುವುದನ್ನು ಪೂರ್ತಿ ಸೊನ್ನೆಗಿಳಿಸಿ, ಬೆರಳು ಮುಟ್ಟಿದ ಚುಕ್ಕಿಗಳನ್ನಷ್ಟೇ ಕಂಪ್ಯೂಟರಿನಲ್ಲಿ ನೋಡುತ್ತಿದ್ದರು. ಆಮೇಲೆ ಅದೇ ಮೂರು ಫೋನುಗಳ ಮೇಲೆ ತಾವೇ ಗೆರೆ ಎಳೆದರು. ಲೇತ್ ಕಾರ್ಖಾನೆಯ ಆ ಗಡುಸು ಬೆರಳಿನ ಗೆರೆ ಮೂರರಲ್ಲೂ ನೂಲು ಹಿಡಿದ ಹಾಗೆ ಹೋಯಿತು.

ಅವರು ಮೂರೂ ಫೋನುಗಳನ್ನು ಬದಿಗಿಟ್ಟರು. ಆಮೇಲೆ ದನಿ ತಗ್ಗಿಸಿ, “ಮೇಡಂ, ಬೇಜಾರ್ ಮಾಡ್ಕೋಬೇಡಿ. ಫೋನ್ ಸರಿಯಾಗೇ ಇದೆ” ಎಂದರು.

“ನಿಮ್ಗೇನ್ರೀ ಗೊತ್ತು ಡ್ರಾಯಿಂಗ್ ಬಗ್ಗೆ? ಕಬ್ಬಿಣ ಅಳೀತಿದ್ದೋರು” ಎಂದುಬಿಟ್ಟೆ. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವರಿಗೆ ಸಿಟ್ಟು ಬರಲಿಲ್ಲ. “ನಮ್ಮ ಕಾರ್ಖಾನೇಲಿ ಲೇತ್ ನಡೆಸೋ ಟರ್ನರ್ ಒಬ್ರು ಇದ್ರು ಮೇಡಂ, ಒಳ್ಳೇ ಕೆಲಸಗಾರ. ಪೀಸ್ ಎಲ್ಲಾ ರಿಜೆಕ್ಟ್ ಆಗೋಕ್ ಶುರುವಾಯ್ತು. ಮಷೀನ್ ಹೋಗಿದೆ, ಮಷೀನ್ ಹೋಗಿದೆ ಅಂತ ಒಂದ್ ವರ್ಷ ತಳ್ಳಿದ್ರು. ನೀವು ಹಂಗ್ ತಳ್ಳಬೇಡಿ. ನಾನ್ ಯಾರಿಗೂ ಹೇಳಲ್ಲ. ಮೊದಲು ಡಾಕ್ಟರ್‌ಗೆ ತೋರಿಸಿ” ಎಂದರು. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ, ಸದ್ದು ಹೊರಗೆ ಕೇಳದ ಹಾಗೆ ಅತ್ತೆ.

ಮರುದಿನ ಎಪ್ಪತ್ತನ್ನು ಇಪ್ಪತ್ತು ಮಾಡಿದೆ. ಎಷ್ಟೋ ಜನರ ಸ್ವಂತ ಗೆರೆಯನ್ನು ನನ್ನ ಭಯಕ್ಕೋಸ್ಕರ ಅಳಿಸುತ್ತ ಕೂತಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ತಪ್ಪು ನನ್ನದೇ ಎಂದು ಮ್ಯಾನೇಜರಿಗೆ ಹೇಳಿದೆ, ಕಾರಣ ಹೇಳಲಿಲ್ಲ. ಮುಂದಿನ ವಾರ ಗಂಡನ ಜೊತೆ ನರರೋಗದ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಬೆರಳಿಗೆ ಬೆರಳು ತಟ್ಟಿಸಿದರು, ನಡೆಸಿದರು, ಮಣಿಕಟ್ಟು ತಿರುಗಿಸಿ ನೋಡಿದರು. ಆಮೇಲೆ ಒಂದು ಬಿಳಿ ಹಾಳೆ, ಬಾಲ್‌ಪೆನ್ನು ಕೊಟ್ಟು, “ನಡುವಿನಿಂದ ಶುರು ಮಾಡಿ ಚಕ್ಕುಲಿ ಥರ ಸುತ್ತಿ. ಕೈ ಊರಬೇಡಿ” ಎಂದರು. ಸುತ್ತಿದೆ. ಕಾಗದದ ಮೇಲೆ ತಿದ್ದುವವರು ಯಾರೂ ಇರಲಿಲ್ಲ. ಚಕ್ಕುಲಿಗೆ ಮುಳ್ಳೂ ಬಂದಿತ್ತು.

“ಈಗ ಎಡಗೈಯಲ್ಲಿ” ಎಂದರು. ಎಡಗೈಯಲ್ಲಿ ನಾನು ಹುಟ್ಟಿದಾಗಿನಿಂದ ಒಂದಕ್ಷರ ಬರೆದವಳಲ್ಲ. ಅದು ಸೊಟ್ಟಗೆ, ಮಗುವಿನ ಹಾಗೆ ತಡವರಿಸುತ್ತ ಸುತ್ತಿತು. ಆದರೆ ಎಲ್ಲಿಯೂ ನಡುಗಲಿಲ್ಲ.

ಡಾಕ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ನನ್ನ ಗಂಡ ಕಿಟಕಿಯ ಕಡೆ ತಿರುಗಿಕೊಂಡರು.

“ಸಾರ್, ಇನ್ನೊಂದು ಹಾಳೆ ಕೊಡಿ” ಎಂದೆ. “ಬಲಗೈಯಲ್ಲಿ ಇನ್ನೊಂದ್ಸಲ ಬಿಡಿಸ್ತೀನಿ. ನಂಗೆ ಚೆನ್ನಾಗಿ ಬರುತ್ತೆ ಸಾರ್.”

“ಬೇಡಮ್ಮ,” ಎಂದರು ಅವರು. “ಇಷ್ಟು ಸಾಕು.”