ಬಿಸಿಲೇರಿದ ಮೇಲೆ ಕೂತ ಕಣ

ಚಿಗಟೇರಿಯ ನಮ್ಮ ಹೊಲದಲ್ಲಿ ಹದಿನೈದು ದಿನದ ಹಿಂದಷ್ಟೇ ಹಾಕಿಸಿದ್ದ ಕಾಂಕ್ರೀಟ್ ಕಣದ ಮೂಲೆಗೆ, ಆ ಚಳಿಯ ಬೆಳಿಗ್ಗೆ ಕಾಲಿಟ್ಟರೆ ಡಬ್ ಎಂದು ಟೊಳ್ಳು ಸದ್ದು ಬಂತು. ಬಗ್ಗಿ ನೋಡಿದೆ. ಅಂಚು ನೆಲ ಬಿಟ್ಟು ಎದ್ದಿತ್ತು; ಸಂದಿಯಲ್ಲಿ ಬೆಂಕಿಕಡ್ಡಿ ಸಲೀಸಾಗಿ ಹೋಯಿತು. ಸಿಮೆಂಟ್ ಕದ್ದಿದ್ದಾನೆಂದು, ಕಣ ಹಾಕಿದ ಗೌಂಡಿ ಹುಲುಗಪ್ಪನನ್ನು ಎಸ್‌ಟಿಡಿ ಬೂತಿನಿಂದ ಬಾಯಿಗೆ ಬಂದಂತೆ ಬೈದೆ. ಕಣ ಒಡೆಯಲು ಆಳುಗಳಿಗೂ ಹೇಳಿದೆ.

ಹುಲುಗಪ್ಪ ಬಂದವನೇ ಕೋಲಿನಿಂದ ಮೂಲೆ ತಟ್ಟಿ, ಬೇವಿನ ನೆರಳಿಗೆ ಕೂತ.

"ಬಿಸಿಲು ಏರಾಕ ಬಿಡ್ರಿ. ರೊಟ್ಟಿ ಒಂದ ಮಗ್ಗಲು ಒಣಗಿದ್ರ ಅಂಚು ಏಳತೈತಲ್ಲ, ಇದೂ ಹಂಗ ಆಗೈತಿ. ಎಷ್ಟು ದಿನ ನೀರು ಹೊಡೆದ್ರಿ?"

ಮೂರೇ ದಿನ. ಮೆಕ್ಕೆಜೋಳ ಒಣಹಾಕುವ ಅವಸರಕ್ಕೆ ನೀರು ನಿಲ್ಲಿಸಿದವನು ನಾನೇ. ಮೇಲ್ಭಾಗ ಒಣಗಿ ಬಿಗಿದಿತ್ತು, ಅಡಿಭಾಗ ಇನ್ನೂ ಹಸಿಯಾಗಿತ್ತು. ಚಳಿಗೆ ಮೇಲ್ಭಾಗ ಮತ್ತಷ್ಟು ಕುಗ್ಗಿ ಅಂಚನ್ನು ಎಳೆದಿತ್ತು.

ಮಧ್ಯಾಹ್ನ ಅದೇ ಮೂಲೆಯ ಮೇಲೆ ಕುಣಿದು ನೋಡಿದೆ. ಸದ್ದಿಲ್ಲ; ಬಿಸಿಲಿಗೆ ಮೇಲ್ಭಾಗ ಹಿಗ್ಗಿ ಅಂಚು ನೆಲಕ್ಕೆ ಕೂತಿತ್ತು. ಹೋದ ಜೀವ ಬಂದಂತಾಯಿತು. ಹಾರೆ ಹಿಡಿದು ಬಂದಿದ್ದವರಿಗೂ ಹುಲುಗಪ್ಪನಿಗೂ ಚಹಾ ತರಿಸಿದೆ. ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬರಲಿಲ್ಲ.

ಈಗಲೂ ಚಳಿಗಾಲದ ಮುಂಜಾನೆ ಆ ಮೂಲೆ ಡಬ್ ಅನ್ನುತ್ತದೆ. ಯಾರನ್ನಾದರೂ ಬೈಯಬೇಕೆನಿಸಿದರೆ ನಾನು ಬಿಸಿಲೇರುವ ತನಕ ಕಾಯುತ್ತೇನೆ.